ದಾರ ಕಡಿದ ಹಲ್ಲು

ಬಾಯಿಯ ರಬ್ಬರಿನ ಅಚ್ಚಿನಿಂದ ಪ್ಲಾಸ್ಟರಿನ ದವಡೆ ಬಿಡಿಸಿಕೊಳ್ಳುವಾಗ ನಾಸೀರ ಯಾವತ್ತೂ ಉಸಿರು ಬಿಗಿಹಿಡಿಯುತ್ತಿದ್ದ. ಎಷ್ಟು ವರ್ಷದ ರೂಢಿಯಾದರೂ ಭಯ ಭಯವೇ. ತುಸು ಆತುರ ಮಾಡಿದರೆ ಎದುರಿನ ಹಲ್ಲು ಪಟ್ಟನೆ ಮುರಿದು ಅಚ್ಚಿನೊಳಗೇ ಉಳಿದುಬಿಡುತ್ತದೆ. ಆಮೇಲೆ ಡಾಕ್ಟರಿಗೆ ಫೋನು, ಪೇಶಂಟಿಗೆ ಇನ್ನೊಂದು ಸಲ ಬಸ್ಸಿನ ಓಡಾಟ, ಬೈಗುಳ ಮಾತ್ರ ಹಾನಗಲ್ಲಿನ ನಾಸೀರನಿಗೆ. ಅವತ್ತು ಅಚ್ಚು ಸುರಳೀತ ಬಿಟ್ಟಿತು. ಮೇಲ್ದವಡೆ ಬೆಳ್ಳಗೆ ಬಂದು ಅಂಗೈಯಲ್ಲಿ ಕೂತಿತು. ಬ್ರಶ್ಶಿನಿಂದ ಪುಡಿ ಝಾಡಿಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ನೋಡಿದವನು ಹಾಗೇ ಸ್ಟೂಲಿನ ಮೇಲೆ ಕೂತುಬಿಟ್ಟ.

ಎದುರಿನ ಎರಡು ದೊಡ್ಡ ಹಲ್ಲುಗಳಲ್ಲಿ ಎಡಗಡೆಯದರ ಅಂಚಿಗೆ ಒಂದು ಕಚ್ಚು ಇತ್ತು. ಬಿದ್ದು ಮುರಿದದ್ದಲ್ಲ, ಹುಳುಕೂ ಅಲ್ಲ. ಅರದಿಂದ ತೀಡಿದ ಹಾಗೆ ನುಣ್ಣಗೆ, ಒಂದು ದಾರ ಹಾಯುವಷ್ಟು ಅಗಲ. ಅದರ ಪಕ್ಕದ ಸಣ್ಣ ಹಲ್ಲು ಇರಲೇ ಇಲ್ಲ. ಡಾಕ್ಟರು ಕಟ್ಟಿ, ತೀಡಿ ಬಿಟ್ಟ ಮೋಟು ಮಾತ್ರ ಇತ್ತು. ಆ ಮೋಟು ಕೂಡ ನೆಟ್ಟಗಿರಲಿಲ್ಲ, ಕಚ್ಚಿನ ಹಲ್ಲಿನ ಹೆಗಲ ಮೇಲೆ ಕೈ ಹಾಕಲು ಹೊರಟವರಂತೆ ಮುಂದಕ್ಕೆ ಬಾಗಿತ್ತು. ಡಬ್ಬಿಯ ಮೇಲಿನ ಚೀಟಿಯಲ್ಲಿ ಹಲ್ಲಿನ ನಂಬರು ಬಿಟ್ಟರೆ ಬೇರೇನೂ ಇರಲಿಲ್ಲ. ಹೆಸರು ಅವನಿಗೆ ಬೇಕಾಗಲೂ ಇಲ್ಲ. ಗುಲ್ನಾರಳ ಹಲ್ಲು ಕತ್ತಲಲ್ಲಿ ಮುಟ್ಟಿದರೂ ಅವನಿಗೆ ಗುರುತು ಸಿಗುತ್ತಿತ್ತು. ಅದೂ ಸುಳ್ಳೇ ಅನ್ನಿ. ಮುಟ್ಟುವ ಮಾತಿರಲಿ, ಅವಳ ಹತ್ತಿರ ಕೂತು ಒಂದು ಲೋಟ ನೀರನ್ನೂ ಅವನು ಕುಡಿದವನಲ್ಲ.

ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಎರಡು ಖೋಲಿಯ ಲ್ಯಾಬು ಅವನದು. ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಹಲ್ಲಿನ ಡಾಕ್ಟರರು ಪೇಶಂಟುಗಳ ಬಾಯಿಯ ಅಚ್ಚು ತೆಗೆದು, ಡಬ್ಬಿಯಲ್ಲಿಟ್ಟು, ಹಾನಗಲ್ಲಿನ ಕಡೆ ಬರುವ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಾರೆ. ನಾಸೀರ ಅದರಿಂದ ಕ್ಯಾಪು, ಸೆಟ್ಟು, ಏನು ಬೇಕೋ ಅದನ್ನು ಮಾಡಿ, ಅದೇ ಡಬ್ಬಿಯಲ್ಲಿ, ಅಂಥದೇ ಬಸ್ಸಿನಲ್ಲಿ ಮರಳಿ ಕಳಿಸುತ್ತಾನೆ. ಮಂದಿಯ ಬಾಯಿ ಅವನಿಗೆ ಗೊತ್ತು, ಮಂದಿ ಗೊತ್ತಿಲ್ಲ. ಕೆಲಸ ಮುಗಿದ ಮೇಲೆ ಪ್ಲಾಸ್ಟರಿನ ದವಡೆಗಳನ್ನು ಒಡೆದು ಹಿತ್ತಲ ತಗ್ಗಿಗೆ ಹಾಕುವುದು ವಾಡಿಕೆ. ಅದರ ಮೇಲೆ ಅವನ ತಾಯಿ ಹಾಜರಾಬಿಯ ಚಾಷ್ಟಿ ಬೇರೆ.

"ನಾಕೂ ತಾಲೂಕಿನ ಹಲ್ಲು ನಮ್ಮ ಹಿತ್ತಲದಾಗ ಹೂತಾವು. ಕಯಾಮತ್ ದಿನಾ ಎಲ್ಲಾರೂ ಎದ್ದು ಬಂದು ನಮ್ಮ ಮನಿ ಬಾಗಲಾನ ಬಡೀತಾರ ನೋಡು. ನೀನ ಹಂಚಕೋತ ಕುಂದ್ರು."

ಗುಲ್ನಾರಳ ಹಲ್ಲು ಮೊದಲು ಕಣ್ಣಿಗೆ ಬಿದ್ದಾಗ ನಾಸೀರನಿಗೆ ಇಪ್ಪತ್ತೆರಡಿರಬೇಕು. ಸವಣೂರಿನಲ್ಲಿ ಅವನ ಅಪ್ಪನದು ಕರಿದ ಖಾರದ ಅಂಗಡಿ. ಎದುರಿಗೆ ಫಕ್ರುಸಾಬರ ವೀಳ್ಯದೆಲೆಯ ವಖಾರಿ. ವಖಾರಿಯ ಪಡಸಾಲೆಯಲ್ಲಿ ಒಂದು ಹೊಲಿಗೆ ಯಂತ್ರ, ಯಂತ್ರದ ಹಿಂದೆ ಫಕ್ರುಸಾಬರ ಮಗಳು ಗುಲ್ನಾರ. ಊರಿನ ಅರ್ಧ ಹೆಣ್ಣುಮಕ್ಕಳ ಕುಪ್ಪಸ ಅವಳ ಕೈಯಲ್ಲೇ ಆಗುತ್ತಿದ್ದವು. ಹೊಲಿಗೆ ಮುಗಿದ ಕೂಡಲೇ ತಲೆ ಬಗ್ಗಿಸಿ, ಬಟ್ಟೆಗೆ ಮುತ್ತು ಕೊಡುವವಳಂತೆ ತುಟಿ ಹತ್ತಿರ ಒಯ್ದು ಟಕ್ಕನೆ ದಾರ ಕಡಿಯುತ್ತಿದ್ದಳು. ಖಾರ ಕರಿಯುವ ಬಾಣಲೆಯ ಹಿಂದೆ ನಿಂತ ನಾಸೀರನಿಗೆ ಆ ಟಕ್ ಸದ್ದು ಬೀದಿ ದಾಟಿ ಕೇಳುತ್ತಿತ್ತು. ಕೇಳುತ್ತಿತ್ತೋ, ಕೇಳಿದಂತೆ ಅನ್ನಿಸುತ್ತಿತ್ತೋ, ಅವನಿಗೇ ಗೊತ್ತು.

ಇಬ್ಬರ ಮನೆಯಲ್ಲೂ ಆಗ ಉರ್ದುವೇ ಹೆಚ್ಚು. ಬೀದಿಯಲ್ಲಿ, ಗಿರಾಕಿಗಳ ಎದುರು ಕನ್ನಡ. ಅವರಿಬ್ಬರೂ ಮಾತಾಡಿದ್ದೆಲ್ಲ ಬೀದಿಯಲ್ಲೇ ಆದ್ದರಿಂದ ಆ ಮಾತೂ ಅಂಗಡಿಯ ಕನ್ನಡದಲ್ಲೇ ಆಯಿತು, ಬಹುವಚನದಲ್ಲಿ.

"ಹಂಗ ಕಡದ್ರ ಹಲ್ಲು ಸವೀತಾವ್ರಿ. ಒಂದು ಕತ್ರಿ ಇಟ್ಕೊಳ್ರಿ."

"ಕತ್ರಿ ಹುಡುಕೂದ್ರಾಗ ಇನ್ನೊಂದು ಜಂಪರ್ ಮುಗೀತೈತಿ."

"ಹುಬ್ಬಳ್ಳಿಗೆ ಹೊಂಟೇನಿ, ಹಲ್ಲು ಮಾಡೂದು ಕಲ್ಯಾಕ. ಅಲ್ಲಿಂದ ನಾನ ತಂದುಕೊಡ್ತೇನಿ ತಗೋರಿ."

"ತರ್ರಿ ನೋಡೂನು. ಅಲ್ಲೀತನಾ ನನಗ ಹಲ್ಲ ಗತಿ."

ಹೀಗೆ ಹೇಳಿ ಅವಳು ನಕ್ಕಾಗಲೇ ಆ ಸೊಟ್ಟ ಹಲ್ಲು ಪೂರ್ತಿ ಕಂಡದ್ದು. ಸಾಲಿನಲ್ಲಿ ನಿಲ್ಲಲೊಲ್ಲದೆ ಒಂದು ಹೆಜ್ಜೆ ಮುಂದೆ ಬಂದು ನಿಂತ ಹಲ್ಲು, ತುದಿಯಲ್ಲಿ ಒಂದು ಕಡೆಗೆ ಇಳಿಜಾರು. ನಾಸೀರ ಹುಬ್ಬಳ್ಳಿಗೆ ಹೋಗಿ ನೂರಾರು ಹಲ್ಲು ಮಾಡಲು ಕಲಿತ. ಕಲಿತ ಮೇಲೆ ಬಜಾರಿನಲ್ಲಿ ಹುಡುಕಿ ಬೆರಳುದ್ದದ ಒಂದು ಉಕ್ಕಿನ ಕತ್ತರಿ ಕೊಂಡ. ರಮಜಾನಿಗೆ ಊರಿಗೆ ಬಂದಾಗ ವಖಾರಿಯ ಪಡಸಾಲೆಯಲ್ಲಿ ಯಂತ್ರಕ್ಕೆ ಬಟ್ಟೆ ಮುಚ್ಚಿತ್ತು. ಗುಲ್ನಾರ ನಿಕಾ ಆಗಿ ಬಂಕಾಪುರಕ್ಕೆ ಹೋಗಿದ್ದಳು. ತಪ್ಪು ಯಾರದೂ ಇರಲಿಲ್ಲ. ಇವನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ, ಫಕ್ರುಸಾಬರಿಗಂತೂ ಕನಸು ಬಿದ್ದಿರಲಿಲ್ಲ. ಕತ್ತರಿ ಲ್ಯಾಬಿಗೆ ಬಂತು. ಮೇಣದ ಹಾಳೆ ಕತ್ತರಿಸುವ ಕೆಲಸಕ್ಕೆ ಹಚ್ಚಿ, ಮೇಜಿನ ಮೇಲಿನ ಮೊಳೆಗೆ ತೂಗುಹಾಕಿದ. ಆಮೇಲೆ ಅಪ್ಪ ತೀರಿಕೊಂಡ, ತಾಯಿಯನ್ನು ಹಾನಗಲ್ಲಿಗೆ ಕರೆತಂದ. ಮದುವೆಯ ಮಾತು ಒಂದೆರಡು ಸಲ ಬಂದು ಹಾಗೇ ಹೋಯಿತು. ಹಾಜರಾಬಿ ಬೈದು ಬೈದು ಸುಮ್ಮನಾದಳು.

ಅವತ್ತು ಆ ದವಡೆ ಕೈಯಲ್ಲಿರುವಾಗಲೇ ಫೋನು ಬಂತು. ಸವಣೂರಿನ ಡಾಕ್ಟರ್ ವೃಂದಾ. ಮಠದ ಓಣಿಯ ಆಚಾರ್ಯರ ಮನೆತನ ಅವಳದು. ಅಜ್ಜ ಮಕ್ಕಳಿಗೆ ಸಂಸ್ಕೃತ ಹೇಳಿಕೊಡುತ್ತಿದ್ದ ಪಡಸಾಲೆಯಲ್ಲೇ ಈಗ ಹಲ್ಲಿನ ಕುರ್ಚಿ ಹಾಕಿದ್ದಾಳೆ. ಮಾತು ಚುರುಕು, ಕೈ ಅದಕ್ಕಿಂತ ಚುರುಕು.

"ನಾಸೀರ, ಅಚ್ಚು ಛಲೋ ಬಂದದೇನ್ರಿ?"

"ಬಂದೈತ್ರಿ ಮೇಡಂ."

"ಕೇಳ್ರಿ, ಇದು ಸ್ವಲ್ಪ ತ್ರಾಸಿನ ಕೇಸ್ ಅದ. ಆ ಸಣ್ಣ ಹಲ್ಲಿಗೆ ಭಾಳ ಹಿಂದ ಎಲ್ಲೋ ರೂಟ್ ಕೆನಾಲ್ ಮಾಡಿಸ್ಯಾರ. ನೋವು ಹೋತಲ್ಲ, ಕ್ಯಾಪ್ ಹಾಕಿಸ್ಕೊಳ್ಳಿಕ್ಕೆ ಹೋಗೇ ಇಲ್ಲ. ನಮ್ಮ ಮಂದಿ ನಿಮಗ ಗೊತ್ತೇ ಅದ. ಅದು ಕರ್ರಗಾಗಿ, ಒಳಗ ಪೊಳ್ಳಾಗಿ, ಕಡೀಕೆ ಚಕ್ಲಿ ತಿನ್ನೋವಾಗ ಮುರದು ಕೈಗೆ ಬಂತು. ಬೇರಿನೊಳಗ ಪೋಸ್ಟ್ ಕಡ್ಡಿ ಕೂಡಿಸಿ ಕಟ್ಟೀನಿ. ಅದರ ಚಿಂತಿ ಇಲ್ಲ. ಬಾಜೂಕಿನ ದೊಡ್ಡ ಹಲ್ಲು ನೋಡ್ರಿ."

"ನೋಡಾಕತ್ತೇನ್ರಿ," ಅಂದ ನಾಸೀರ. ಅವನು ಬೇರೆ ಏನನ್ನೂ ನೋಡುತ್ತಿರಲಿಲ್ಲ.

"ಅದರ ಸಂದಿಯೊಳಗ ಹುಳುಕು ಆಳಕ್ಕ ಇಳದಿತ್ತು. ತೆಗೀತಾ ಹೋದ್ರ ನರ ಕಂಡೇಬಿಡ್ತು, ಸೂಜಿ ಮೊನಿಯಷ್ಟು ಕೆಂಪಗ. ಮೊದಲಾಗಿದ್ರ ಎಲ್ಲಾರೂ ನರ ತೆಗದು ಕೈ ತೊಳಕೋತಿದ್ರು. ನಾನು ಹಸೀ ಹತ್ತಿ ಒತ್ತಿ ಹಿಡದು ಕೂತೆ. ರಕ್ತ ತಾನಾಗಿ ನಿಂತ್ರ ಹಲ್ಲು ಬದುಕ್ತದ, ನಿಲ್ಲಲಿಲ್ಲ ಅಂದ್ರ ಇಲ್ಲ. ನಿಂತಿತು ನೋಡ್ರಿ. ಔಷಧ ಹಾಕಿ ಮುಚ್ಚೀನಿ. ಇವತ್ತಿಗೂ ಜೀವಂತ ಅದ."

ವೃಂದಾಳ ದನಿಯಲ್ಲಿ ಹೆಮ್ಮೆ ಇತ್ತು, ಆಮೇಲೆ ಅದು ಇಳಿಯಿತು.

"ಈಗ ಅವರಿಗೆ ಹಲ್ಲು ಸಾಲಾಗಿ ಬೇಕಂತ. ಮಗಳ ಮಂಗ್ನಿ ಅಂತ, ನಿಶ್ಚಿತಾರ್ಥ, ಫೋಟೋ ತೆಗೀತಾರ. ಇಷ್ಟು ವರ್ಷ ಸೆರಗು ಬಾಯಿಗೆ ಅಡ್ಡ ಹಿಡದು ನಕ್ಕೀನಿ, ಒಂದು ದಿನರೆ ಬಾಯಿ ತಗದು ನಗ್ತೀನಿ ಅಂತಾರ. ಅದಕ್ಕ ನಾ ಏನು ಹೇಳ್ಲಿ? ಆದ್ರ ಸಾಲಿಗೆ ತರಬೇಕಂದ್ರ ಜಾಗಾ ಇಲ್ಲ. ಆ ಜೀವಂತ ಹಲ್ಲನ್ನೂ ತೀಡಿ ಎರಡಕ್ಕೂ ಕ್ಯಾಪ್ ಹಾಕಬೇಕು. ಅಷ್ಟು ತೀಡಿದ್ರ ನರ ಉಳಿಯೂದಿಲ್ಲ. ನೀವು ಒಂದು ಕೆಲಸಾ ಮಾಡ್ರಿ. ಮೇಣದೊಳಗ ಎರಡೂ ಥರಾ ಮಾಡಿ ಕಳಸ್ರಿ, ಒಂದು ಸಾಲಾಗಿ, ಒಂದು ಮೊದಲಿನಂಗ. ಕಣ್ಣಿಲೆ ನೋಡಿ ಅವರೇ ಆರಿಸ್ಕೊಳ್ಳಿ."

"ಮೊದಲು ಹೆಂಗಿತ್ತಂತ ಫೋಟೋ ಐತೇನ್ರಿ?" ನಾಸೀರ ಯಾಕೆ ಕೇಳಿದನೋ.

"ಎಲ್ಲಾ ಫೋಟೋದಾಗೂ ಬಾಯಿ ಮುಚ್ಕೊಂಡಾರ. ಅಂದಾಜಿಲೆ ಮಾಡ್ರಿ."

ಸೊಟ್ಟ ಹಲ್ಲು ಒಂದು ಮಧ್ಯಾಹ್ನದಲ್ಲಿ ಆಯಿತು. ಅದನ್ನು ಮಾಡಿದ ಎನ್ನುವುದಕ್ಕಿಂತ ಕೈಗೆ ಅಡ್ಡ ಬರದೆ ಸುಮ್ಮನೆ ಕೂತ ಎನ್ನಬೇಕು. ಬಿಸಿ ಮಾಡಿದ ಸಣ್ಣ ಚಮಚದಿಂದ ಮೇಣದ ಹನಿ ಬಿತ್ತು, ಹನಿಯ ಮೇಲೆ ಹನಿ ಕೂತಿತು, ಅಲಗು ಅಲ್ಲಿ ಇಲ್ಲಿ ಸರಿಯಿತು. ಹಲ್ಲು ಒಂದು ಹೆಜ್ಜೆ ಮುಂದೆ ಬಂದು ನಿಂತಿತು, ತುದಿ ಒಂದು ಕಡೆ ಇಳಿಯಿತು. ಬೀದಿಯ ಆಚೆಯಿಂದ ನೋಡಿದ್ದನ್ನು ಇಷ್ಟು ಹತ್ತಿರದಿಂದ ನೋಡುವುದಾಯಿತಲ್ಲ ಎಂದು ಅವನಿಗೆ ಸಂತೋಷವಾಯಿತು.

ಎರಡನೆಯದಕ್ಕೆಂದು ಅದೇ ಅಚ್ಚಿನಿಂದ ಇನ್ನೊಂದು ದವಡೆ ಎರೆದ, ಆದರೆ ಕೈ ಏಳಲಿಲ್ಲ. ಸಾಲಾಗಿ ಮಾಡಬೇಕೆಂದರೆ ಮೊದಲು ಪ್ಲಾಸ್ಟರಿನ ಮೇಲೆ ಆ ಕಚ್ಚಿನ ಹಲ್ಲನ್ನು ತೀಡಬೇಕು. ಅಲಗು ಹಿಡಿದ, ಕೆಳಗಿಟ್ಟ. ಹೊರಗೆ ಹೋಗಿ ಬಂದ. ಇದು ಬರೇ ಪ್ಲಾಸ್ಟರು, ನಾಳೆ ಹಿತ್ತಲ ತಗ್ಗಿಗೆ ಬೀಳುವಂಥದ್ದು ಎಂದು ತನಗೆ ತಾನೇ ಬುದ್ಧಿ ಹೇಳಿಕೊಂಡ. ಆದರೆ ಇಲ್ಲಿ ತೀಡಿದ್ದನ್ನು ಅವಳು ಮೆಚ್ಚಿದರೆ, ಅಲ್ಲಿ ನಿಜವಾದ ಹಲ್ಲನ್ನು ತೀಡುತ್ತಾರೆ. ಹೊಲಿಗೆ ಯಂತ್ರದ ಹಿಂದೆ ಕೂತು ಅವಳು ಕಡಿದ ದಾರಗಳ ಗುರುತು ಲೋಕದಲ್ಲಿ ಉಳಿದಿದ್ದರೆ ಅದೊಂದರ ಮೇಲೆ. ಅವನ ಹರೆಯದ ಗುರುತೂ ಅದೇ. ಒಂದು ಫೋಟೋ ಇಲ್ಲ, ಒಂದು ಕಾಗದ ಇಲ್ಲ. ಆ ಕಚ್ಚು ಹೋದರೆ ಎಲ್ಲವೂ ಹೋದ ಹಾಗೆ.

ಕೊನೆಗೆ ಕಣ್ಣು ಕಿರಿದು ಮಾಡಿ ತೀಡಿದ. ಮೇಲೆ ಮೇಣದ ಎರಡು ಹಲ್ಲು ಕಟ್ಟಿದ. ಕಟ್ಟುವಾಗ ಕೈಯಲ್ಲಿ ಒಂದು ಕಳ್ಳತನ ಹೊಕ್ಕಿತು. ಹಲ್ಲು ಕೂದಲೆಳೆಯಷ್ಟು ಉದ್ದವಾದವು, ತುಸು ಚಪ್ಪಟೆಯಾದವು. ತಪ್ಪು ಎಂದು ಬೊಟ್ಟು ಮಾಡಿ ತೋರಿಸುವಂತಿಲ್ಲ, ಆದರೆ ನೋಡಿದವರು ಖಂಡಿತ ಬೇಡ ಅನ್ನುತ್ತಾರೆ. ನಾಸೀರನಿಗೆ ಗೊತ್ತಿತ್ತು. ಗೊತ್ತಿದ್ದೂ ಅದನ್ನು ಡಬ್ಬಿಗೆ ಹಾಕಲು ಹೊರಟಿದ್ದ.

ಅಷ್ಟರಲ್ಲಿ ಹಾಜರಾಬಿ ಚಹಾ ತಂದಳು. ಮೇಜಿನ ಮೇಲಿದ್ದದ್ದನ್ನು ಎತ್ತಿ ಕಣ್ಣ ಹತ್ತಿರ ಹಿಡಿದಳು.

"ಇದನ್ನ ಯಾರು ಮಾಡ್ಯಾರ?"

"ನಾನ."

"ಸುಳ್ಳ ಹೇಳಬ್ಯಾಡ. ನಿನ್ನ ಕೈಯಾಗ ಇಂಥಾದ್ದು ಬರಂಗಿಲ್ಲ. ಯಾರ ಮ್ಯಾಲೆ ಸಿಟ್ಟು ಬೇಟಾ? ಬಾಯಾಗ ಹಾಕ್ಕೊಳ್ಳಾವ್ರು ಯಾರೋ ಪಾಪ."

ಆಮೇಲೆ ಇನ್ನೊಂದನ್ನು ಎತ್ತಿಕೊಂಡಳು. ಕಿಟಕಿಗೆ ಹೋಗಿ ಅತ್ತಿತ್ತ ತಿರುಗಿಸಿದಳು. ಸವಣೂರಿನ ಆ ಬೀದಿಯಲ್ಲಿ ಅವಳೂ ಇದ್ದವಳೇ. ಎಷ್ಟೋ ಕುಪ್ಪಸ ಆ ಪಡಸಾಲೆಯಲ್ಲೇ ಹೊಲಿಸಿದವಳು. ಬಹಳ ಹೊತ್ತು ನೋಡಿ, ಎರಡೂ ಕೈಯಿಂದ ಮೆತ್ತಗೆ ಮೇಜಿನ ಮೇಲಿಟ್ಟಳು.

"ಚಹಾ ಆರತೈತಿ, ಕುಡಿ," ಅಂದಳು. ಬಾಗಿಲವರೆಗೆ ಹೋಗಿ ತಿರುಗಿ, "ಛಲೋ ಮಾಡು. ಎರಡೂ ಛಲೋ ಮಾಡು," ಅಂದು ಒಳಗೆ ಹೋದಳು.

ನಾಸೀರ ಮೇಣ ಕರಗಿಸಿದ. ಮೊದಲಿಂದ ಕಟ್ಟಿದ. ಈ ಸಲ ಅವಳ ಮಗಳ ಮಂಗ್ನಿಯನ್ನು, ಬಾಯಿಗೆ ಅಡ್ಡ ಹಿಡಿದ ಸೆರಗನ್ನು ಕಣ್ಣ ಮುಂದಿಟ್ಟುಕೊಂಡು ಕಟ್ಟಿದ. ಸಾಲಾದ ಹಲ್ಲು ಎಷ್ಟು ಚೆನ್ನಾಗಿ ಬಂತೆಂದರೆ ಅದರ ಮೇಲೆ ಅವನಿಗೇ ಹೊಟ್ಟೆಕಿಚ್ಚಾಯಿತು.

ಕಂಡಕ್ಟರನ ಕೈಗೆ ಕೊಟ್ಟರೆ ಬಿಸಿಲಿಗೆ ಮೇಣ ಕರಗುತ್ತದೆ ಎಂದು ಮರುದಿನ ತಾನೇ ಬಸ್ಸು ಹತ್ತಿದ. ಮೇಣ ಒಯ್ಯುವುದಕ್ಕೆ ಇಸ್ತ್ರಿ ಅಂಗಿ ಯಾಕೆಂದು ಹಾಜರಾಬಿ ಕೇಳಲಿಲ್ಲ. ಬಂಕಾಪುರ ದಾಟುವಾಗ ಕಿಟಕಿಯಿಂದ ಮುಖ ಒಳಕ್ಕೆ ತೆಗೆದುಕೊಂಡ.

"ಬರೋಬ್ಬರಿ ಹೊತ್ತಿಗೆ ಬಂದ್ರಿ," ಅಂದಳು ವೃಂದಾ. "ಅವರೂ ಇನ್ನೇನು ಬರ್ತಾರ. ಬಣ್ಣಾನೂ ನೀವೇ ನೋಡಿ ಹೋಗ್ರಿ. ಅಲ್ಲೀತನಾ ಒಳಗ ಕೂಡ್ರಿ."

ಒಳಗೆ ಅಂದರೆ ಪ್ಲೈವುಡ್ಡಿನ ಅಡ್ಡಗೋಡೆಯ ಹಿಂದೆ, ಉಪಕರಣ ಕುದಿಸುವ ಯಂತ್ರದ ಪಕ್ಕ. ನಾಸೀರ ಮೊಣಕಾಲ ಮೇಲೆ ಕೈಯಿಟ್ಟು ಕೂತ. ಹೊರಗೆ ಚಪ್ಪಲಿ ಬಿಟ್ಟ ಸದ್ದು, ಬುರ್ಖಾದ ಸರಸರ, ಹರೆಯದ ಹುಡುಗಿಯೊಬ್ಬಳ ಮಾತು. ಆಮೇಲೆ ಕುರ್ಚಿ ಕಿರುಗುಟ್ಟಿತು.

"ಇವತ್ತ ನೋವು ಆಗೂದಿಲ್ಲ ಹೌದಲ್ರಿ?"

ದನಿ ದಪ್ಪಗಾಗಿತ್ತು. ಆದರೆ ಮಾತಿನ ಕೊನೆಯಲ್ಲಿ ತುಸು ಎತ್ತಿ ನಿಲ್ಲಿಸುವ ರೀತಿ ಅದೇ. ನಾಸೀರ ಕಣ್ಣು ಮುಚ್ಚಿಕೊಂಡ.

"ಥಂಡಿ ಹತ್ತಿ ಮುಟ್ಟಿಸ್ತೀನಿ, ಅಷ್ಟೇ," ಅಂದಳು ವೃಂದಾ. "ಇದು ನರ ತೆಗದದ್ದು. ಏನರೆ ಗೊತ್ತಾತು?"

"ಇಲ್ರಿ. ಏನಿಲ್ಲ."

"ಅದಕ್ಕ ಗೊತ್ತಾಗೂದಿಲ್ಲ. ಈಗ ಇದು."

"ಆಂ! ಥಂಡೀರಿ!"

"ಹತ್ತಿ ತಗದ ಕೂಡ್ಲೇ ಹೋತಿಲ್ಲೋ? ಹಂಗೇ ಆಗಬೇಕು. ಅದಕ್ಕ ಇನ್ನೂ ಜೀವ ಅದ."

ಮೇಣದ ಹಲ್ಲುಗಳ ಡಬ್ಬಿ ತೆರೆದ ಸದ್ದು ಕೇಳಿತು. ಮೊದಲು ಮಗಳ ದನಿ ಬಂತು. "ಅಮ್ಮೀ, ಇದು ನೋಡು, ಸಾಲಾಗಿದ್ದು. ಎಷ್ಟು ಚಂದ ಐತಿ! ಇದನ್ನ ಹಾಕಿಸ್ಕೊ, ಯೋಚನೀನ ಮಾಡಬ್ಯಾಡ." ಹುಡುಗಿ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದು ಚಂದವೇ ಇತ್ತು, ಅವನೇ ಮಾಡಿದ್ದು. ಬಳೆ ಸದ್ದಾಯಿತು, ತಾಯಿ ಇನ್ನೊಂದನ್ನು ಎತ್ತಿಕೊಂಡಿರಬೇಕು. ಬೀದಿಯಲ್ಲಿ ಒಂದು ಟಂಟಂ ರಿಕ್ಷಾ ಹೋಯಿತು, ಅದರ ಹಿಂದೆ ಇನ್ನೊಂದು.

"ಡಾಕ್ಟರ್ರ," ಅಂದಳು ಗುಲ್ನಾರ ಕೊನೆಗೆ, "ನನ್ನ ಹಲ್ಲಿನ ತುದಿ ಹಿಂಗ ಒಂದ ಕಡೆ ಇಳಿಜಾರಿತ್ತು ಅಂತ ನಾ ನಿಮಗ ಹೇಳಿದ್ನೇನ್ರಿ?"

"ಇಲ್ಲಲ್ಲ. ಯಾಕ?"

"ಇದು ನನ್ನ ಹಲ್ಲ ಐತ್ರಿ. ಹಂಗಿಂದ ಹಂಗ. ಅದು ಕರ್ರಗಾಗಿ, ಮುಕ್ಕಾಗಿ ಎಷ್ಟೋ ವರ್ಷ ಆತು. ಇದನ್ನ ಮಾಡಿದವ್ರಿಗೆ ಹೆಂಗ ಗೊತ್ತಾತು?"

"ಅಂದಾಜಿಲೆ ಮಾಡ್ತಾರ. ಹಾನಗಲ್ಲದ ನಾಸೀರ ಅಂತ, ಕೈ ಭಾಳ ಛಲೋ ಅದ. ಮೂಲ ನಿಮ್ಮ ಸವಣೂರವ್ರೇ, ಅವರ ಅಪ್ಪಂದು ಖಾರದ ಅಂಗಡಿ ಇತ್ತಂತ."

ಉಪಕರಣದ ಯಂತ್ರ ಅದೇ ಹೊತ್ತಿಗೆ ಕುದಿ ನಿಲ್ಲಿಸಿ ಸುಮ್ಮನಾಯಿತು. ಸಾಲಾದದ್ದನ್ನೇ ಆರಿಸಿಕೊ, ಮಗಳ ಮಂಗ್ನಿಯಲ್ಲಿ ಬಾಯಿತುಂಬ ನಗು ಎಂದು ನಾಸೀರನ ಒಂದು ಮನಸ್ಸು ಹೇಳುತ್ತಿತ್ತು. ಇನ್ನೊಂದು ಮನಸ್ಸು ಏನು ಹೇಳುತ್ತಿತ್ತೆಂಬುದನ್ನು ಅವನು ಕೇಳಿಸಿಕೊಳ್ಳಲೂ ಹೆದರಿದ.

"ಸಾಲಾಗೂದು ಬ್ಯಾಡ್ರಿ," ಅಂದಳು ಗುಲ್ನಾರ. "ಜೀವ ಇದ್ದದ್ದನ್ನ ಯಾಕ ತೀಡೂದು. ಮೊದಲಿನಂಗ ಇರ್ಲಿ."

"ಅಮ್ಮೀ, ಫೋಟೋ..."

"ಬೆಳ್ಳಗಿದ್ರ ಸಾಕು. ಹಿಂಗ ಇದ್ದಾಗ ನಾ ಬಾಯಿ ಮುಚ್ಚಿ ನಕ್ಕಾಕಿ ಅಲ್ಲ." ಮಗಳು ಗೊಣಗುತ್ತ ಫೋನು ಹಿಡಿದು ಹೊರಗೆ ಹೋದಳು.

"ನಾಸೀರ, ಬರ್ರಿ, ಬಣ್ಣ ನೋಡ್ರಿ," ಎಂದು ವೃಂದಾ ಕರೆದಳು. ಅವಳಿಗೇನು ಗೊತ್ತು. ಜೀವಂತ ಹಲ್ಲು ಉಳಿಯಿತೆಂಬ ಖುಷಿ ಅವಳದು. ಬಾಗಿಲಲ್ಲಿ ಯಾವುದೋ ಕೂಸು ಅಳುತ್ತ ಬಂದಿತ್ತು, ಅತ್ತ ಹೋದಳು.

ಕುರ್ಚಿಯ ಮೇಲಿನ ದೀಪದಲ್ಲಿ ಬಣ್ಣ ನೋಡುವಂತಿಲ್ಲ. ಹಗಲ ಬೆಳಕೇ ಬೇಕು. ಅದು ಕೆಲಸದ ನಿಯಮ. "ಕಿಟಕಿ ಹಂತೇಕ ಬರ್ರಿ," ಅಂದ ನಾಸೀರ, ನೆಲ ನೋಡುತ್ತ. ಅವಳು ಎದ್ದು ಬಂದಳು. ಹಲ್ಲಿನ ಬಣ್ಣಗಳ ಪಟ್ಟಿಯನ್ನು ಕಚ್ಚಿನ ಹಲ್ಲಿನ ಪಕ್ಕ ಹಿಡಿದ. ಕೈಗೆ ಕೆಲಸ ಗೊತ್ತಿತ್ತು. ಪ್ಲಾಸ್ಟರಿನಲ್ಲಿ ಸತ್ತಂತಿದ್ದ ಹಲ್ಲು ಇಲ್ಲಿ ನಸುಹಳದಿಯಾಗಿ, ಅಂಚಿನಲ್ಲಿ ತಿಳಿಯಾಗಿ, ಬೆಳಕನ್ನು ಒಳಗೆ ಬಿಟ್ಟುಕೊಂಡು ನಿಂತಿತ್ತು.

"ಬಾಯಿ ಮುಚ್ಚ್ರಿ. ಹಲ್ಲು ಒಣಗಿದ್ರ ಬಣ್ಣ ಬ್ಯಾರೆ ಕಾಣತೈತಿ. ಒಂದೀಟು ನಾಲಿಗಿ ಆಡಸ್ರಿ."

ಅವಳು ಬಾಯಿ ಮುಚ್ಚಿದಳು. ಬಾಯಿ ಮುಚ್ಚಿದ ಮೇಲೆ ಮುಖ ನೋಡದೆ ಬೇರೆ ದಾರಿ ಇರಲಿಲ್ಲ. ಕೆನ್ನೆ ತುಂಬಿಕೊಂಡಿತ್ತು, ಕಣ್ಣಿಗೆ ಕನ್ನಡಕ ಬಂದಿತ್ತು, ನತ್ತು ಬೇರೆ. ಕಣ್ಣು ಮಾತ್ರ ಹೊಲಿಗೆಯಿಂದ ತಲೆಯೆತ್ತಿ ಬೀದಿ ನೋಡುವಾಗಿನ ಕಣ್ಣೇ. ಇಬ್ಬರ ನಡುವೆ ಈಗ ಬೀದಿ ಇರಲಿಲ್ಲ. ಒಂದು ಬಣ್ಣದ ಪಟ್ಟಿ ಇತ್ತು.

"ಇನ್ನಾ ಹೊಲೀತೀರೇನ್ರಿ?"

"ಹೊಲೀತೇನ್ರಿ. ಮಗಳ ಮಂಗ್ನಿದೂ ನಾನ ಹೊಲ್ಯಾಕತ್ತೇನಿ."

"ಕಚ್ಚು ಆಳಾಗೈತಿ." ಅವನು ಪಟ್ಟಿ ಕೆಳಗಿಳಿಸಿದ. "ಡಾಕ್ಟರ್ರು ಭಾಳ ಕಷ್ಟಪಟ್ಟು ಈ ಹಲ್ಲು ಉಳಿಸ್ಯಾರ. ಇನ್ನ ಮ್ಯಾಲೆ ಇದರಿಂದ ದಾರ ಕಡೀಬ್ಯಾಡ್ರಿ. ಕತ್ರಿ ಇಟ್ಕೊಳ್ರಿ."

ಗುಲ್ನಾರ ಕಿಟಕಿಯ ಹೊರಗೆ ನೋಡಿದಳು. ಎಲೆ ಪೆಂಡಿ ಹೊತ್ತ ಒಂದು ಗಾಡಿ ಬೀದಿಯಲ್ಲಿ ನಿಂತಿತ್ತು.

"ಹುಬ್ಬಳ್ಳಿಯಿಂದ ಬರೂದೈತ್ರಿ," ಅಂದಳು ಮೆಲ್ಲಗೆ. "ಇನ್ನಾ ಬಂದಿಲ್ಲ."

ಆಮೇಲೆ ತಾನೇ ಬಾಯಿ ತೆರೆದು ಬೆಳಕಿನ ಕಡೆ ಮುಖ ಮಾಡಿ ನಿಂತಳು. ನಾಸೀರ ಪಟ್ಟಿ ಎತ್ತಿ ಹಿಡಿದ. ಬಣ್ಣಗಳೆಲ್ಲ ಕಲಸಿಕೊಂಡು ಒಂದೇ ಆಗಿ ಕಾಣುತ್ತಿದ್ದವು. ರೆಪ್ಪೆ ಬಡಿದು, ಮತ್ತೆ ಬಡಿದು ನೋಡಿದ. ಕೂಸಿನ ಅಳು ನಿಲ್ಲಿಸಿ ಬಂದ ವೃಂದಾ, "ಸಿಕ್ತೇನ್ರಿ ಬಣ್ಣ?" ಎಂದು ಕೇಳಿದಳು. "ಸಿಕ್ತ್ರಿ," ಅಂದ.

ಕ್ಯಾಪನ್ನು ಮಾಡಲು ಅವನು ಬೇಕಾದ್ದಕ್ಕಿಂತ ಹೆಚ್ಚು ದಿನ ತೆಗೆದುಕೊಂಡ. ಬಣ್ಣ ಹಚ್ಚಿ, ಭಟ್ಟಿಯಲ್ಲಿ ಸುಟ್ಟು, ಸಾಕಾಗದೆ ಮತ್ತೆ ಹಚ್ಚಿ ಸುಟ್ಟ. ಕೊನೆಗೆ ಪ್ಲಾಸ್ಟರಿನ ಮೋಟಿನ ಮೇಲೆ ಕೂಡಿಸಿದಾಗ ಅದು ಕಚ್ಚಿನ ಹಲ್ಲಿನ ಹೆಗಲಿಗೆ ಹೆಗಲು ತಾಗಿಸಿ, ಎಂದೂ ಅಲ್ಲಿಂದ ಕದಲಿಯೇ ಇಲ್ಲವೆಂಬಂತೆ ನಿಂತಿತು. ಆಮೇಲೆ ಮೊಳೆಯಿಂದ ಕತ್ತರಿ ಇಳಿಸಿದ. ವರ್ಷಗಟ್ಟಲೆಯ ಮೇಣ ಹಿಡಿಯಲ್ಲಿ ಗಟ್ಟಿಯಾಗಿ ಕೂತಿತ್ತು. ಬಿಸಿನೀರಿನಲ್ಲಿ ಹಾಕಿ ಬಿಡಿಸಿದ. ಸಾಣೆ ಹಿಡಿಯುವವನ ಹತ್ತಿರ ಒಯ್ದು ಬಾಯಿ ಹಿಡಿಸಿಕೊಂಡು ಬಂದ. ಹಾಜರಾಬಿಯ ಹಳೆಯ ಸೀರೆಯಿಂದ ಒಂದು ಎಳೆ ಬಿಚ್ಚಿ ಕತ್ತರಿಸಿ ನೋಡಿದ. ಸದ್ದೇ ಆಗಲಿಲ್ಲ.

ಸಂಜೆಯ ಸವಣೂರು ಬಸ್ಸು ಹೊರಡಲು ನಿಂತಿತ್ತು. ಕಂಡಕ್ಟರು ಡಬ್ಬಿ ಇಸಿದುಕೊಂಡು ಕೈಯಲ್ಲಿ ತೂಗಿ ನೋಡಿದ.

"ಏನ್ರಿ ನಾಸೀರಣ್ಣ, ಒಂದು ಹಲ್ಲು ಇಷ್ಟು ವಜ್ಜಾ ಇರತೈತೇನು?"

"ಪೇಶಂಟ್ರ ಸಾಮಾನೂ ಐತಿ. ಅವ್ರಿಗೇ ಕೊಡ್ರಿ ಅಂತ ಡಾಕ್ಟರ್ರಿಗೆ ಹೇಳೇನಿ. ಬೀಳಸಬ್ಯಾಡ."

ಬಸ್ಸು ಧೂಳೆಬ್ಬಿಸಿ ಹೋಯಿತು. ನಾಸೀರ ಲ್ಯಾಬಿಗೆ ಬಂದು ದೀಪ ಹಾಕಿದ. ಹಿರೇಕೆರೂರಿನಿಂದ ಬಂದ ಒಬ್ಬ ಮುದುಕನ ಸೆಟ್ಟು ಬಾಕಿ ಇತ್ತು. ಮೇಣದ ಹಾಳೆ ಬಿಚ್ಚಿ, ಅಳತೆ ಮಾಡಿ, ರೂಢಿಯಂತೆ ಕೈ ಮೇಲಕ್ಕೆತ್ತಿದ. ಮೊಳೆ ಬರಿದಾಗಿತ್ತು. ಕೈ ಅಲ್ಲೇ ಒಂದು ಗಳಿಗೆ ನಿಂತಿತು. ಆಮೇಲೆ ಅವನು ತಲೆ ಬಗ್ಗಿಸಿ, ಹಾಳೆಯನ್ನು ತುಟಿಯ ಹತ್ತಿರ ತಂದು, ಅಂಚನ್ನು ಹಲ್ಲಿನಿಂದ ಟಕ್ಕನೆ ಕಡಿದ.